ಸ್ಪಾನ್ಸರ್ ಮಾಡುವ ಖರ್ಚು ಕಂಪೆನಿಯದು

ಜೋಗೇಶ್ವರಿ ಪೂರ್ವದಲ್ಲಿ ರಿಕ್ಷಾ ಹತ್ತಿ ವಿಕ್ರೋಲಿ ಲಿಂಕ್ ರೋಡ್ ಹಿಡಿದರೆ ಸೀಪ್ಝ್ ದೂರವಿಲ್ಲ. 1973ರಲ್ಲಿ ಶುರುವಾದ ಈ ರಫ್ತು ವಲಯದಿಂದ ಟಿಸಿಎಸ್‌ನಂಥ ಕಂಪೆನಿಗಳು ಅಮೆರಿಕಕ್ಕೆ ಸಾಫ್ಟ್‌ವೇರ್ ಕಳಿಸಿದವು. ಅದರ ಬೆನ್ನಿಗೇ ಎಂಜಿನಿಯರುಗಳೂ ಹೊರಟರು. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದವರ ಮಕ್ಕಳು, ಮೊಮ್ಮಕ್ಕಳಿಗೂ ಈ ದಾರಿ ಹೊಸದಲ್ಲ. 'ಕಂಪೆನಿ ಸ್ಪಾನ್ಸರ್ ಮಾಡ್ತದಂತೆ' ಎಂದೊಡನೆ ಮನೆಯಲ್ಲಿ ಸಂಭ್ರಮ. ಆ ಸಂಭ್ರಮದ ನಡುವೆ ಯಾರಾದರೂ 'ಫೈಲಿಂಗ್‌ಗೆ ಇಷ್ಟು ಲಕ್ಷ ಕಟ್ಟಿ' ಎಂದರೆ ಅಲ್ಲೇ ನಿಂತು ಯೋಚಿಸಬೇಕು.

ಎಚ್‌-1ಬಿ ಎಂದರೆ ಪರಿಣತ ಕೆಲಸಕ್ಕೆ ಅಮೆರಿಕ ಕೊಡುವ ತಾತ್ಕಾಲಿಕ ವೀಸಾ. ಅದರ ಅರ್ಜಿಯನ್ನು ಹಾಕುವವನು ನೌಕರನಲ್ಲ, ಮಾಲೀಕ. ಸಾಮಾನ್ಯವಾಗಿ ಮಾರ್ಚ್‌ನಲ್ಲಿ 215 ಡಾಲರ್ ಕಟ್ಟಿ ಅವನು ಹೆಸರು ನೋಂದಾಯಿಸುತ್ತಾನೆ. ವರ್ಷಕ್ಕೆ 85,000 ವೀಸಾಗಳ ಮಿತಿಯೊಳಗೆ ಆಯ್ಕೆಯಾದರೆ, ಕೆಲಸದ ಜಾಗ ಮತ್ತು ಸಂಬಳ ನಮೂದಿಸಿದ ಎಲ್‌ಸಿಎ ಪತ್ರಕ್ಕೆ ಅಮೆರಿಕದ ಕಾರ್ಮಿಕ ಇಲಾಖೆಯ ಒಪ್ಪಿಗೆ ಪಡೆದು ಐ-129 ಅರ್ಜಿ ಸಲ್ಲಿಸುತ್ತಾನೆ. ಒಪ್ಪಿಗೆಯ ಐ-797 ಕೈಸೇರಿದ ಮೇಲಷ್ಟೇ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಕಾನ್ಸುಲೇಟ್‌ನಲ್ಲಿ ಸಂದರ್ಶನ.

ಈ ಅರ್ಜಿಯ ಮತ್ತು ಅದರ ವಕೀಲರ ವೆಚ್ಚ ಮಾಲೀಕನ ವ್ಯವಹಾರದ ಖರ್ಚು. ಅದನ್ನು ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರ ಹೊಸ ಅರ್ಜಿಗಳ ಮೇಲೆ ಅಧ್ಯಕ್ಷರ ಘೋಷಣೆ ಹೇರಿದ ಒಂದು ಲಕ್ಷ ಡಾಲರ್ ಕೂಡ ಅರ್ಜಿ ಹಾಕುವ ಮಾಲೀಕನ ಮೇಲಿನ ಹೊರೆ. ಅದರ ಹೆಸರು ಹೇಳಿ ನೌಕರನ ಅಪ್ಪನ ಪಿಎಫ್ ಹಣಕ್ಕೆ ಕೈ ಹಾಕುವವರನ್ನು ನಂಬಬೇಡಿ.

ಎಲ್‌ಸಿಎಯ ಪ್ರತಿಯನ್ನು ಕೆಲಸಕ್ಕೆ ಹಾಜರಾಗುವ ದಿನದೊಳಗೆ ನೌಕರನಿಗೆ ಕೊಡಲೇಬೇಕು. ಅದರಲ್ಲಿ ಬರೆದಿರುವ ಸಂಬಳವನ್ನು ಆಫರ್ ಲೆಟರ್ ಜೊತೆ ಹೋಲಿಸಿ ನೋಡಿ. ಪ್ರಾಜೆಕ್ಟ್ ಇಲ್ಲವೆಂದು ಕಂಪೆನಿಯೇ 'ಬೆಂಚ್' ಮೇಲೆ ಕೂರಿಸಿದರೂ ಸಂಬಳ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಡಬ್ಲ್ಯೂಎಚ್‌-4 ನಮೂನೆಯಲ್ಲಿ 12 ತಿಂಗಳೊಳಗೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ವೀಸಾದ ಬಗೆಯೂ ಮುಖ್ಯ. ಎಚ್‌-1ಬಿ ಬೇಕಾದ ಕೆಲಸಕ್ಕೆ ವ್ಯವಹಾರ ಭೇಟಿಗೆ ಕೊಡುವ ಬಿ-1 ವೀಸಾ ಬಳಸಿದ ಆರೋಪ ಬೆಂಗಳೂರಿನ ಇನ್ಫೋಸಿಸ್ ಮೇಲೆ ಬಂದಾಗ, 2013ರ ಅಕ್ಟೋಬರ್‌ನಲ್ಲಿ ಕಂಪೆನಿ 3.4 ಕೋಟಿ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥಪಡಿಸಿಕೊಂಡಿತು. ವೀಸಾ ವಂಚನೆಯ ಆರೋಪವನ್ನು ಅದು ಒಪ್ಪಲಿಲ್ಲ. ಒಳಗಿನ ನೌಕರರೊಬ್ಬರ ದೂರು ಆ ತನಿಖೆಯ ಹಿಂದಿತ್ತು.

ಅಮೆರಿಕದಲ್ಲೇ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಬೇರೆಯೇ ಹಾದಿ. ಆ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ಕಂಪೆನಿ ಜಾಹೀರಾತು ಕೊಟ್ಟು ತೋರಿಸಿ ಪರ್ಮ್ ಪ್ರಮಾಣಪತ್ರ ಪಡೆಯುತ್ತದೆ, ಬಳಿಕ ಐ-140 ವಲಸೆ ಅರ್ಜಿ ಸಲ್ಲಿಸುತ್ತದೆ. ಪರ್ಮ್ ಖರ್ಚನ್ನು ನೌಕರನಿಂದ ವಸೂಲಿ ಮಾಡುವುದು 2007ರಿಂದ ನಿಷಿದ್ಧ. ಮುಂದಿನದು ಕಾಯುವ ಕೆಲಸ: ಒಂದೊಂದು ದೇಶಕ್ಕೆ ಒಟ್ಟು ಪಾಲಿನ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಎಚ್‌-1ಬಿಯ ಆರು ವರ್ಷ ಮುಗಿದರೂ ಐ-140 ಒಪ್ಪಿಗೆಯಾಗಿದ್ದರೆ ಮೂರು ವರ್ಷಗಳ ವಿಸ್ತರಣೆ ಸಿಗುತ್ತದೆ. ಆ ಒಪ್ಪಿಗೆ ಬಂದು 180 ದಿನ ಕಳೆದ ಮೇಲೆ ಕಂಪೆನಿ ಆ ಅರ್ಜಿಯನ್ನು ಹಿಂತೆಗೆದುಕೊಂಡ ಮಾತ್ರಕ್ಕೆ ಸರದಿಯ ದಿನಾಂಕ ನೌಕರನ ಕೈತಪ್ಪದು. ಕೆಲಸ ಹೋದರೆ ಇರುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಮಾಲೀಕ ಅರ್ಜಿ ಹಾಕಬೇಕು.

ಆದ್ದರಿಂದ ಹೊರಡುವ ಮುನ್ನ ಎಲ್‌ಸಿಎ, ಐ-797, ಆಫರ್ ಲೆಟರ್‌ಗಳ ಪ್ರತಿಗಳನ್ನು ಕೇಳಿ ಪಡೆಯಿರಿ. ಒಂದು ಸೆಟ್ ಜೋಗೇಶ್ವರಿಯ ಮನೆಯ ಕಪಾಟಿನಲ್ಲೇ ಇರಲಿ.