ಪ್ರವಾಸ ಎಲ್ಲಿಗೆ? – 8ನೇ ತರಗತಿಯಲ್ಲಿ ದತ್ತಾಂಶ ನಿರ್ವಹಣೆಯ ಮೂರು ಪಾಠಗಳು

ಪೀಠಿಕೆ

ಬೋಧನಾಭ್ಯಾಸಕ್ಕೆ ಹಾಸನ ನಗರದ ಅಂಚಿನ ಸರ್ಕಾರಿ ಪ್ರೌಢಶಾಲೆಯೊಂದು ನನಗೆ ದೊರೆತಿತ್ತು. 8ನೇ ತರಗತಿಯ ಗಣಿತದಲ್ಲಿ ‘ದತ್ತಾಂಶಗಳ ನಿರ್ವಹಣೆ’ ಘಟಕವನ್ನು ಬೋಧಿಸಬೇಕಿತ್ತು. ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಮಕ್ಕಳು 7ನೇ ತರಗತಿಯಲ್ಲೇ ಕಲಿತಿರುತ್ತಾರೆ. ಸೂತ್ರ ಕೇಳಿದರೆ ಹೇಳುತ್ತಾರೆ. ಆದರೆ ಯಾವ ಸಂದರ್ಭದಲ್ಲಿ ಯಾವುದನ್ನು ಬಳಸಬೇಕು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಪಠ್ಯದ ಲೆಕ್ಕಗಳಲ್ಲಿ ಉತ್ತರ ಯಾವುದೇ ಬಂದರೂ ಯಾರ ದಿನಚರಿಯೂ ಬದಲಾಗುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ ಎಂದು ನನಗನ್ನಿಸಿತು.

ಅದೇ ವಾರ ತರಗತಿಯಲ್ಲಿ ಒಂದು ದಿನದ ಪ್ರವಾಸದ ಮಾತು ನಡೆಯುತ್ತಿತ್ತು. ಸ್ಥಳವನ್ನು ಮಕ್ಕಳೇ ಸೂಚಿಸಲಿ, ಅಂತಿಮ ತೀರ್ಮಾನ ಶಾಲೆಯದ್ದು ಎಂದು ಮುಖ್ಯ ಶಿಕ್ಷಕರು ಹೇಳಿದ್ದರು. ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು, ಈ ಆಯ್ಕೆಯನ್ನೇ 40 ನಿಮಿಷಗಳ ಮೂರು ಅವಧಿಗಳ ಪಾಠವಾಗಿ ರೂಪಿಸಿದೆ.

ಪಾಠ ಯೋಜನೆಯ ಸಾರಾಂಶ

ಕಲಿಕಾ ಫಲಗಳು: ವಿದ್ಯಾರ್ಥಿಯು (1) ದತ್ತಾಂಶ ಸಂಗ್ರಹಿಸಿ ಆವೃತ್ತಿ ಕೋಷ್ಟಕ ರಚಿಸುವನು/ಳು, (2) ಸರಾಸರಿ, ಮಧ್ಯಾಂಕ, ಬಹುಲಕಗಳು ಒಂದೇ ದತ್ತಾಂಶದ ಬಗ್ಗೆ ಬೇರೆ ಬೇರೆ ಮಾತು ಹೇಳಬಲ್ಲವು ಎಂದು ಗುರುತಿಸುವನು/ಳು, (3) ವೃತ್ತ ನಕ್ಷೆ ರಚಿಸಿ ಅದರ ಆಧಾರದ ಮೇಲೆ ತೀರ್ಮಾನ ಕೈಗೊಳ್ಳುವನು/ಳು.
ಬೋಧನೋಪಕರಣಗಳು: ಹೆಸರಿಲ್ಲದ ಆಯ್ಕೆ ಚೀಟಿಗಳು, ಜಿಲ್ಲಾ ನಕ್ಷೆ, ಕೋನಮಾಪಕ, ಕೈವಾರ.
ತರಗತಿ: 40 ಮಕ್ಕಳು (22 ಹುಡುಗಿಯರು, 18 ಹುಡುಗರು).

ಮೊದಲ ಅವಧಿ: ಗೆದ್ದದ್ದು ಯಾವುದು?

ಚರ್ಚೆಯ ನಂತರ ಮೂರು ಸ್ಥಳಗಳು ಉಳಿದವು: ಮೈಸೂರು (ಅರಮನೆ ಮತ್ತು ಮೃಗಾಲಯ), ಬೇಲೂರು–ಹಳೇಬೀಡು, ಸಕಲೇಶಪುರದ ಮಂಜರಾಬಾದ್ ಕೋಟೆ. ಬೇಲೂರು–ಹಳೇಬೀಡಿನ ಪರವಾಗಿ ಮಾತನಾಡಿದ ಗುಂಪು 2023ರಲ್ಲಿ ಸೋಮನಾಥಪುರದ ಜೊತೆಗೆ ಅವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದನ್ನು ಹೇಳಿತು. ಮೈಸೂರಿನ ಗುಂಪಿನ ವಾದ ಒಂದೇ: “ಮಿಸ್, ಹುಲಿ!”

ಪ್ರತಿಯೊಬ್ಬರೂ ಚೀಟಿಯಲ್ಲಿ ಮೂರೂ ಸ್ಥಳಗಳಿಗೆ 1, 2, 3 ಎಂದು ಕ್ರಮಾಂಕ ಕೊಡಬೇಕಿತ್ತು. ಎಣಿಕೆ ಹೀಗೆ ಬಂತು.

ಮೈಸೂರು: 1ನೇ ಆಯ್ಕೆ 17, 2ನೇ ಆಯ್ಕೆ 6, 3ನೇ ಆಯ್ಕೆ 17
ಸಕಲೇಶಪುರ: 1ನೇ ಆಯ್ಕೆ 13, 2ನೇ ಆಯ್ಕೆ 19, 3ನೇ ಆಯ್ಕೆ 8
ಬೇಲೂರು–ಹಳೇಬೀಡು: 1ನೇ ಆಯ್ಕೆ 10, 2ನೇ ಆಯ್ಕೆ 15, 3ನೇ ಆಯ್ಕೆ 15

ಮೊದಲ ಆಯ್ಕೆಗಳ ಬಹುಲಕ ಮೈಸೂರು. ಹಿಂದಿನ ಬೆಂಚುಗಳಿಂದ ಚಪ್ಪಾಳೆ ಬಂತು. ಆಗ ನಾನು ಕೇಳಿದ ಪ್ರಶ್ನೆ: “ಮೈಸೂರು ಬೇಡವೇ ಬೇಡ ಅಂದವರು ಎಷ್ಟು ಜನ?” ಕೋಷ್ಟಕ ನೋಡಿದ ಮೇಲೆ ಅದೂ 17 ಎಂದು ಗೊತ್ತಾಯಿತು. ಚಪ್ಪಾಳೆ ನಿಂತಿತು.

ಮೈಸೂರಿಗೆ ಸಿಕ್ಕ ಕ್ರಮಾಂಕಗಳ ಸರಾಸರಿ 80 ÷ 40 = 2. ಮಧ್ಯಾಂಕವೂ 2. ಹಾಗಾದರೆ ‘ತರಗತಿಗೆ ಮೈಸೂರು ಎರಡನೇ ಆಯ್ಕೆ’ ಎನ್ನಬಹುದೇ? ಎರಡನೇ ಆಯ್ಕೆ ಎಂದು ಬರೆದವರು ಆರೇ ಮಂದಿ! ಸರಾಸರಿ ನಿಂತಿರುವ ಜಾಗದಲ್ಲಿ ಮಕ್ಕಳು ಹೆಚ್ಚು ಇಲ್ಲ. ಅವರು ಎರಡು ತುದಿಗಳಲ್ಲಿದ್ದಾರೆ. ಒಬ್ಬ ಹುಡುಗ ಇದನ್ನು ನನಗಿಂತ ಚೆನ್ನಾಗಿ ಹೇಳಿದ: “ತಕ್ಕಡಿ ಸಮ ಇದೆ ಮಿಸ್, ಆದ್ರೆ ನಡುವೆ ಏನೂ ಇಲ್ಲ.”

ಸಕಲೇಶಪುರದ ಕ್ರಮಾಂಕಗಳ ಸರಾಸರಿ 75 ÷ 40 = 1.875; ಬೇಲೂರು–ಹಳೇಬೀಡಿನದು 85 ÷ 40 = 2.125. ಅತಿ ಕಡಿಮೆ ಸರಾಸರಿ ಸಕಲೇಶಪುರದ್ದು. ಹೆಚ್ಚು ಜನ ಮೊದಲು ಆರಿಸಿದ್ದು ಒಂದು, ಹೆಚ್ಚು ಜನ ಒಪ್ಪಬಹುದಾದದ್ದು ಇನ್ನೊಂದು. ಹೀಗೆ ಕ್ರಮಾಂಕಗಳಿಗೆ ಅಂಕ ಕೊಟ್ಟು ಕೂಡುವ ವಿಧಾನವನ್ನು 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಬೋರ್ಡಾ ಅವರ ಹೆಸರಿನಿಂದ ಕರೆಯುತ್ತಾರೆ ಎಂದು ತಿಳಿಸಿದೆ. ತಾವು ಮಾಡಿದ ಲೆಕ್ಕಕ್ಕೆ ಒಂದು ಹೆಸರಿದೆ ಎಂಬುದು ಮಕ್ಕಳಿಗೆ ಖುಷಿ ಕೊಟ್ಟಿತು.

ಎರಡನೇ ಅವಧಿ: ಚೀಟಿಯ ಹಿಂಬದಿ

ಮೈಸೂರನ್ನು ಕೊನೆಗೆ ಹಾಕಿದ್ದೇಕೆ ಎಂದು ಬಾಯಿಮಾತಿನಲ್ಲಿ ಕೇಳಿದಾಗ ಬಂದ ಉತ್ತರಗಳು: “ಬಸ್ಸಲ್ಲಿ ವಾಂತಿ ಬರುತ್ತೆ”, “ಆಗಲೇ ನೋಡಿದ್ದೀವಿ”, “ವಾಪಸ್ ಬರೋದು ಕತ್ತಲಾಗುತ್ತೆ, ಮನೇಲಿ ಬಿಡಲ್ಲ”. ಹಣದ ಮಾತನ್ನು ಯಾರೂ ಎತ್ತಲಿಲ್ಲ. ಅದೇ ಚೀಟಿಯ ಹಿಂಬದಿಯಲ್ಲಿ ‘ಪ್ರವಾಸಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಕೊಡಬಹುದು?’ ಎಂಬ ಪ್ರಶ್ನೆಯೂ ಇತ್ತು. ಚೀಟಿಯಲ್ಲಿ ಹೆಸರಿರಲಿಲ್ಲ. ಒಂದೇ ಬಣ್ಣದ ಪೆನ್ಸಿಲ್‌ಗಳನ್ನು ನಾನೇ ಹಂಚಿದ್ದೆ.

ಉತ್ತರಗಳು: ಏನೂ ಇಲ್ಲ – 5 ಮಕ್ಕಳು, 100 ರೂಪಾಯಿ – 6, 200 ರೂಪಾಯಿ – 13, 300 ರೂಪಾಯಿ – 10, 500 ರೂಪಾಯಿ – 6.

ಒಟ್ಟು 9,200 ರೂಪಾಯಿ, ಸರಾಸರಿ 230. ಮಧ್ಯಾಂಕ ಮತ್ತು ಬಹುಲಕ ಎರಡೂ 200. ‘ಸರಾಸರಿ 230 ಬಂದಿದೆ, ತಲೆಗೆ 230 ನಿಗದಿ ಮಾಡೋಣವೇ?’ ಎಂದು ಕೇಳಿದೆ. ಗುಂಪುಗಳಲ್ಲಿ ಎಣಿಸಿದಾಗ 24 ಮಕ್ಕಳು ಅಷ್ಟು ಕೊಡಲಾರರು ಎಂದು ಕಂಡಿತು. ಆರು ಮಂದಿಯ 500 ರೂಪಾಯಿ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ‘ಅತಿ ದೊಡ್ಡ ಬೆಲೆಗಳು ಸರಾಸರಿಯ ಮೇಲೆ ಪ್ರಭಾವ ಬೀರುತ್ತವೆ’ ಎಂಬ ವಾಕ್ಯವನ್ನು ಆ ದಿನ ನಾನು ಕಪ್ಪುಹಲಗೆಯ ಮೇಲೆ ಬರೆಯುವ ಅಗತ್ಯ ಬರಲಿಲ್ಲ.

ಚೀಟಿಯ ಎರಡೂ ಬದಿಗಳನ್ನು ಜೊತೆಗಿಟ್ಟು ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಮೈಸೂರನ್ನು ಕೊನೆಗೆ ಹಾಕಿದ 17 ಮಂದಿಯಲ್ಲಿ 13 ಮಂದಿ 200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬರೆದಿದ್ದರು. ಅವರು ಬರೆದ ‘ಇಷ್ಟ’ದೊಳಗೆ ಮನೆಯ ಲೆಕ್ಕವೂ ಸೇರಿಕೊಂಡಿದ್ದಿರಬಹುದು. ಈ ಅಂಕಿಯನ್ನು ನಾನು ತರಗತಿಯಲ್ಲಿ ಹೇಳಲಿಲ್ಲ. ಮಾರ್ಗದರ್ಶಿ ಶಿಕ್ಷಕರಿಗೆ ಮಾತ್ರ ತೋರಿಸಿದೆ. ಆದರೆ ಮೂರನೇ ಅವಧಿಯಲ್ಲಿ ವೆಚ್ಚವನ್ನೇ ಮುಖ್ಯವಾಗಿಸಲು ಇದೇ ಕಾರಣ.

ಮೂರನೇ ಅವಧಿ: ವೆಚ್ಚ ಮತ್ತು ವೇಳೆ

ಪಾಠಕ್ಕೆಂದು ಒಂದು ದರ ಇಟ್ಟುಕೊಂಡೆವು: ಬಾಡಿಗೆ ಬಸ್ಸಿಗೆ ಕಿ.ಮೀ.ಗೆ 50 ರೂಪಾಯಿ, ದಿನಕ್ಕೆ ಕನಿಷ್ಠ 200 ಕಿ.ಮೀ. ಮೈಸೂರಿಗೆ ಹೋಗಿಬರಲು, ಊರೊಳಗಿನ ಓಡಾಟ ಸೇರಿ, 260 ಕಿ.ಮೀ. ಎಂದುಕೊಂಡರೆ 13,000 ರೂಪಾಯಿ, ತಲೆಗೆ 325. ಅರಮನೆ, ಮೃಗಾಲಯಗಳ ಪ್ರವೇಶ ಶುಲ್ಕ ಬೇರೆ. ಸಕಲೇಶಪುರ 100 ಕಿ.ಮೀ. ಒಳಗೇ ಮುಗಿದರೂ ಕನಿಷ್ಠ ಷರತ್ತಿನಿಂದ 10,000 ರೂಪಾಯಿ, ತಲೆಗೆ 250. ಕೋಷ್ಟಕದ ಪ್ರಕಾರ 325 ಕೊಡಬಲ್ಲವರು 6, 250 ಕೊಡಬಲ್ಲವರು 16. ಹೋಗುವವರು ಕಡಿಮೆಯಾದಷ್ಟೂ ತಲೆಗೆ ಬೀಳುವ ಮೊತ್ತ ಏರುತ್ತದೆ. 16 ಮಂದಿ ಮಾತ್ರ ಹೊರಟರೆ ತಲೆಗೆ 625. ವಿಲೋಮ ಅನುಪಾತಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಇಲ್ಲಿ ತರಗತಿ ನಿಂತುಹೋಯಿತು. ನಾನು ಉತ್ತರ ಹೇಳದೆ ಕಾದೆ. ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು, “ಮಿಸ್, ನಮಗೆ ಬಸ್ಸು ಫ್ರೀ ಅಲ್ವಾ?” ಎಂದಳು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಬಾಡಿಗೆ ಬಸ್ಸು ಬಿಟ್ಟು ಸಾಮಾನ್ಯ ಬಸ್ಸಿನಲ್ಲಿ ಹೋದರೆ 22 ಹುಡುಗಿಯರಿಗೆ ಖರ್ಚಿಲ್ಲ. ಒಂದು ಕಡೆಗೆ 60 ರೂಪಾಯಿ ಎಂದು ಅಂದಾಜಿಸಿದರೆ 18 ಹುಡುಗರಿಗೆ 18 × 120 = 2,160 ರೂಪಾಯಿ.

ಹುಡುಗರು ಒಪ್ಪಲಿಲ್ಲ. “ನಾವು ಮಾತ್ರ ಯಾಕೆ ಕೊಡಬೇಕು?” ಎಂಬ ವಾದ ಜೋರಾಯಿತು. “ಟಿಕೆಟ್ ನಿಮ್ಮದು ತಾನೇ” ಎಂದು ಹುಡುಗಿಯರು. ಎರಡೂ ಕಡೆಯವರು ಲೆಕ್ಕ ಹಾಕಿ ತೋರಿಸಬೇಕೆಂದು ಹೇಳಿದೆ. ಎಲ್ಲರೂ ಹಂಚಿಕೊಂಡರೆ 2,160 ÷ 40 = 54 ರೂಪಾಯಿ. ಏನೂ ಕೊಡಲಾಗದ ಐವರನ್ನು ಬಿಟ್ಟು 35ರಿಂದ ಭಾಗಿಸಿದರೆ ಸುಮಾರು 62. ಅಂದರೆ ಐವರು ಜೊತೆಗಾರರನ್ನು ಕರೆದೊಯ್ಯಲು ಉಳಿದವರು ತಲೆಗೆ ಕೊಡಬೇಕಾದದ್ದು 8 ರೂಪಾಯಿ ಹೆಚ್ಚು. ಈ 8 ಎಂಬ ಸಂಖ್ಯೆ ಬಂದ ಮೇಲೆ ವಾದ ಮುಂದುವರಿಯಲಿಲ್ಲ. ಆ ಐವರು ಯಾರೆಂದು ಯಾರೂ ಕೇಳಲೂ ಇಲ್ಲ.

ನಂತರ ದಿನದ ಹಂಚಿಕೆ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ 9 ಗಂಟೆ; ವೃತ್ತ ನಕ್ಷೆಯಲ್ಲಿ ಒಂದು ಗಂಟೆಗೆ 40°. ಮೈಸೂರಿಗೆ ಹೋಗಿಬರಲು ಸುಮಾರು 6 ಗಂಟೆ, ಅಂದರೆ 240°: ವೃತ್ತದ ಮೂರನೇ ಎರಡು ಭಾಗ ಬಸ್ಸಿನಲ್ಲೇ. (“ಬಸ್ಸಲ್ಲಿ ಹಾಡೋದೇ ಮಜಾ ಮಿಸ್” ಎಂಬ ಆಕ್ಷೇಪಣೆಯೂ ದಾಖಲಾಯಿತು.) ಸಕಲೇಶಪುರಕ್ಕೆ ಮಕ್ಕಳು ರಚಿಸಿದ ನಕ್ಷೆ: ಪ್ರಯಾಣ 3 ಗಂಟೆ – 120°, ಕೋಟೆ ವೀಕ್ಷಣೆ 2 ಗಂಟೆ – 80°, ಆಟ ಒಂದೂವರೆ ಗಂಟೆ – 60°, ಬುತ್ತಿ ಊಟ 1 ಗಂಟೆ – 40°, ‘ಸುಮ್ಮನೆ ಇರುವುದು’ 1 ಗಂಟೆ – 40°, ಹಾಜರಿ, ಸಾಲು ನಿಲ್ಲುವುದು ಅರ್ಧ ಗಂಟೆ – 20°. ‘ಸುಮ್ಮನೆ ಇರುವುದು’ ಎಂಬ ಭಾಗವನ್ನು ತೆಗೆಯಬಹುದೇ ಎಂದು ಕೇಳಿದ್ದಕ್ಕೆ ಇಡೀ ತರಗತಿ ಬೇಡವೆಂದಿತು. ವಿಹಾರವೆಂದರೆ ಯಾರೂ ಕೆಲಸ ಹೇಳದ ಒಂದು ಗಂಟೆಯೂ ಹೌದು ಎಂಬುದನ್ನು ನಾನು ಅವರಿಂದ ಕಲಿತೆ.

ಕೋಟೆಯಲ್ಲೂ ಗಣಿತವಿದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಎಂಟು ಮೊನೆಗಳ ನಕ್ಷತ್ರದ ಆಕಾರದಲ್ಲಿದೆ. ಎಂಟು ಮೊನೆಗಳ ನಕ್ಷತ್ರದ ಹೊರಗೆರೆಗೆ 16 ಬಾಹುಗಳು; ಒಳಕೋನಗಳ ಮೊತ್ತ (16 – 2) × 180° = 2,520°. ಇದನ್ನು ವಿಸ್ತರಣಾ ಚಟುವಟಿಕೆಯಾಗಿ ಕೊಟ್ಟೆ.

ಮೌಲ್ಯಮಾಪನ ಮತ್ತು ಫಲಿತ

ಅಂತಿಮ ಕಿರುಪರೀಕ್ಷೆಯಲ್ಲಿ ಸೂತ್ರ ಕೇಳಲಿಲ್ಲ. ‘ಅಂಗಡಿಯವನು ಯಾವ ಅಳತೆಯ ಚಪ್ಪಲಿ ಹೆಚ್ಚು ತರಿಸಬೇಕು? ಸರಾಸರಿ, ಮಧ್ಯಾಂಕ, ಬಹುಲಕಗಳಲ್ಲಿ ಯಾವುದನ್ನು ನೋಡಬೇಕು, ಏಕೆ?’ ಎಂಬ ಬಗೆಯ ಪ್ರಶ್ನೆಗಳಿದ್ದವು. ಹೆಚ್ಚಿನವರು ಕಾರಣಸಹಿತ ಉತ್ತರಿಸಿದರು.

ಮಕ್ಕಳ ಕೋಷ್ಟಕ, ನಕ್ಷೆಗಳನ್ನು ಮುಖ್ಯ ಶಿಕ್ಷಕರಿಗೆ ಒಪ್ಪಿಸಿದೆವು. ಇಪ್ಪತ್ತು ಮಂದಿಯ ಎರಡು ತಂಡಗಳು ಬೇರೆ ಬೇರೆ ಬಸ್ಸುಗಳಲ್ಲಿ, ಪ್ರತಿ ತಂಡಕ್ಕೆ ಇಬ್ಬರು ಶಿಕ್ಷಕರೊಂದಿಗೆ, ಇಲಾಖೆಯ ಅನುಮತಿ ಮತ್ತು ಪೋಷಕರ ಒಪ್ಪಿಗೆ ಪತ್ರ ಇದ್ದರೆ ಹೋಗಬಹುದೆಂದು ಅವರು ಹೇಳಿದರು. ಹುಡುಗಿಯರು ಆಧಾರ್ ಕಾರ್ಡ್ ತರಬೇಕೆಂಬ ಸೂಚನೆಯೂ ಬಂತು. ಇದನ್ನು ಬರೆಯುವ ಹೊತ್ತಿಗೆ 40ರಲ್ಲಿ 36 ಒಪ್ಪಿಗೆ ಪತ್ರಗಳು ಬಂದಿವೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಕೈ ಎತ್ತಿಸಿ ಮತ ಕೇಳಬೇಡಿ. ಹೆಸರಿಲ್ಲದ ಚೀಟಿಯಲ್ಲಿ ಬರುವ ಉತ್ತರ ಬೇರೆ.
2. ಮೊದಲ ಆಯ್ಕೆಯನ್ನಷ್ಟೇ ಅಲ್ಲ, ಎಲ್ಲ ಸ್ಥಳಗಳಿಗೂ ಕ್ರಮಾಂಕ ಕೇಳಿ. ಬೇಡವೆಂದವರ ಸಂಖ್ಯೆ ಆಗಲೇ ಕಾಣುವುದು.
3. ಹಣದ ದತ್ತಾಂಶವನ್ನು ಒಟ್ಟು ಎಣಿಕೆಯಾಗಿ ಮಾತ್ರ ಕಪ್ಪುಹಲಗೆಗೆ ತನ್ನಿ. ಚೀಟಿಗಳನ್ನು ನೀವೇ ತೆರೆದು, ನೀವೇ ಇಟ್ಟುಕೊಳ್ಳಿ.
4. ಬಸ್ ದರ, ಪ್ರವೇಶ ಶುಲ್ಕಗಳನ್ನು ನಿಮ್ಮ ಊರಿನ ನಿಲ್ದಾಣದಲ್ಲಿ ವಿಚಾರಿಸಿ ಬದಲಾಯಿಸಿಕೊಳ್ಳಿ. ಮೈಸೂರು ಮೃಗಾಲಯದಂತೆ ವಾರಕ್ಕೊಂದು ದಿನ (ಅಲ್ಲಿ ಮಂಗಳವಾರ) ರಜೆ ಇರುವ ಸ್ಥಳಗಳಿವೆ. ಅದನ್ನೂ ದತ್ತಾಂಶಕ್ಕೆ ಸೇರಿಸಿ.
5. ತಲೆಗೆ ಇಷ್ಟು ಎಂದು ನಿಗದಿ ಮಾಡುವ ಮೊದಲು ಸರಾಸರಿಯನ್ನು ಬದಿಗಿಟ್ಟು, ಆ ಮೊತ್ತ ಕೊಡಲಾರದವರು ಎಷ್ಟು ಮಂದಿ ಎಂದು ಎಣಿಸಿ.