ಹುಣಸೀಹಣ್ಣು ಹಚ್ಚೂಕಿಂತ ಮೊದಲ

ತಮ್ಮಾ, ನಿಮ್ಮ ಬ್ಯಾಂಡ್ ಪಾರ್ಟಿ ಖೋಲ್ಯಾಗ, ಹರಕ ತಾಡಪತ್ರಿ ಬುಡಕ, ಊದೂ ಹಿತ್ತಾಳಿ ವಾದ್ಯ, ಹಳೇ ಯುಫೋನಿಯಂ ಒಂದು ಸಿಕ್ಕೈತಂತ ಕೇಳಿದೆ. ಡಫಳಾಪುರದಾಗ ಸುದ್ದಿ ನಿಲ್ಲೂದಿಲ್ಲ ಬಿಡು. ಒಬ್ಬ ಮೋಡಕಾಕ್ಕ ಹಾಕ್ರಿ ಅಂದನಂತ. ಇನ್ನೊಬ್ಬ ಹುಣಸೀಹಣ್ಣು, ಬೂದಿ ಹಚ್ಚಿ ತಿಕ್ಕಿ ಗಣಪತಿ ಮುಂದ ಇಡೂಣು ಅಂದನಂತ. ಮೋಡಕಾದವನ ಮಾತು ಬಿಡು, ಹಿತ್ತಾಳಿ ಕಂಡ್ರ ಅಂವಗ ಕಿಲೋ ಲೆಕ್ಕನ ಕಾಣೂದು. ನನಗ ಅಂಜಿಕಿ ಆ ಹುಣಸೀಹಣ್ಣಿಂದು.

ಯಾಕಂದ್ರ ಆ ವಾದ್ಯದ ಅಗಲ ಬಾಯಿ ಮ್ಯಾಲ ತೆಳ್ಳಗ ಕೆತ್ತಿದ ಅಕ್ಷರ ಇರತಾವು. ಮಾಡಿದವರ ಹೆಸರು, ಊರು, ಒಮ್ಮೊಮ್ಮೆ ಓಣಿ ಸುದ್ದಾ. ಪಿಸ್ಟನ್ ಕೂಡೂ ಕೊಳವಿ ಮ್ಯಾಲ ನಂಬರ ಇರತೈತಿ. ಬೂದೀಲೆ ತಿಕ್ಕಿದ್ರ ಅವು ಸವದು ಹೋಗತಾವು. ಬೆಳ್ಳಿ ನೀರು ಕುಡಿಸಿದ್ದಿದ್ರ ಅದೂ ಹೋತು. ಸದ್ಯಕ್ಕ ಒದ್ದಿ ಅರಬೀಲೆ ಒರಸು ಸಾಕು. ಸಂಜೀಕ ಇಳಿಬಿಸಲಿಗೆ ಓರೆ ಹಿಡದು ಫೋಟೋ ತಗಿ, ಅಕ್ಷರ ತಾವ ಎದ್ದು ಕಾಣತಾವು.

ಹೆಸರು ಓದಿದ್ರ ಅರ್ಧ ವಯಸ್ಸು ತಿಳೀತು. ಲಂಡನ್ನಿನ ಬೂಸಿ ಕಂಪನಿ ಬ್ಯಾರೆ, ಹಾಕ್ಸ್ ಕಂಪನಿ ಬ್ಯಾರೆ ಇದ್ದವು, 1930ರಾಗ ಒಂದಾದವು. ಒಂದ ಹೆಸರಿದ್ರ ಅದಕ್ಕಿಂತ ಹಳೇದು, ಎರಡೂ ಜೋಡಿ ಇದ್ರ ಆಮ್ಯಾಲಿಂದು. ಅವರ ಹಳೇ ದಫ್ತರ ಈಗ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂದಾಗ ಐತಿ. ನಂಬರ ಬರದು ಕೇಳಿ ನೋಡು, ಕೇಳಾಕ ರೊಕ್ಕೇನು ಹತ್ತತೈತಿ?

ಈ ಲೆಕ್ಕ ನಮ್ಮೂರಿಗೆ ಯಾಕ ಬೇಕಂದ್ರ, ನಾಳೆ ಯಾರರ ಬಂದು 'ಇದು ಡಫಳೆ ಸರಕಾರರ ದರಬಾರಿಂದು' ಅಂತ ಗ್ಯಾರಂಟಿ ಹೇಳತಾರ. ಆ ಮನೆತನದ ಅಡ್ಡಹೆಸರ ನಮ್ಮೂರಿಂದು, ಹೇಳೋರಿಗೆ ಬಾಯಿ ಚಪ್ಪರಿಸಿದಂಗಾಗತೈತಿ. ಆದ್ರ ಡಫಳಾಪುರ ಸಂಸ್ಥಾನ 1917ರಾಗ ಜತ್ತಿನೊಳಗ ಸೇರಿ ಹೋತು. ಜತ್ತೂ 1948ರಾಗ ಮುಂಬೈ ಪ್ರಾಂತಕ್ಕ ಕೂಡಿತು. ವಾದ್ಯದ ಮ್ಯಾಲ ಬೂಸಿ, ಹಾಕ್ಸ್ ಎರಡೂ ಹೆಸರಿದ್ರ ಡಫಳಾಪುರ ದರಬಾರಿನ ಕತಿ ಅಲ್ಲಿಗೇ ಮುಗೀತು. ಪಲ್ಟನ್ನಿಂದ ಬಂತೋ, ಲಿಲಾವಿನಾಗ ಬಂತೋ, ನಿಮ್ಮ ಪಾರ್ಟಿ ಹಿರ್ಯಾರನ್ನ ಕೇಳು. ಜೀವ ಇದ್ದಾಗ ಕೇಳು.

ಮೀರತ್ ಅಂತ ಬರದಿದ್ರ ಮಾರಿ ಸಣ್ಣದು ಮಾಡಬ್ಯಾಡ. ಅಲ್ಲಿ ಜಾಲಿ ಕೋಠಿ ಅಂತ ಓಣಿಗೆ ಓಣಿನ ಬ್ಯಾಂಡ್ ಸಾಮಾನು ಮಾಡೋರದು. ನಾದಿರ್ ಅಲಿ ಕಂಪನಿ 1885ರಾಗ ಸುರು ಆದದ್ದು. ನಮ್ಮ ದೇಶದ ಲಗ್ನದ ಮೆರವಣಿಗಿ ನಡದದ್ದು ಬಾಳಷ್ಟು ಅವರ ಹಿತ್ತಾಳಿ ಮ್ಯಾಲ.

ಪಿಸ್ಟನ್ ಹಿಂದ ಸಣ್ಣ ಸಣ್ಣ ಕೊಳವಿ ಸುತ್ತಿಕೊಂಡಿದ್ರ, ಯಾರೋ ತ್ಯಾಪಿ ಹಚ್ಯಾರ ಅಂತ ಕಿತ್ತೀಯಾ ಮತ್ತ! ಎರಡು ಮೂರು ಪಿಸ್ಟನ್ ಕೂಡೇ ಒತ್ತಿದಾಗ ಸ್ವರ ಏರತೈತಿ. ಅದನ್ನ ತಿದ್ದಾಕ ಬೂಸಿ ಕಂಪನಿಯ ಬ್ಲೇಕ್ಲಿ ಅಂಬಾವ 1874ರಾಗ ಹುಡುಕಿದ ಯುಕ್ತಿ ಅದು. ಪಿಸ್ಟನ್ ತಗದ್ರ 1, 2, 3 ಅಂತ ನಂಬರ ನೋಡಿ ಆಯಾ ಜಾಗಾದಾಗ ಹಾಕು. ಬಾಯಿ ಇಡೂ ತುಂಡು ಸಿಕ್ಕೊಂಡಿದ್ರ ಇಕ್ಕಳಾ ಹಚ್ಚಿ ತಿರುವಬ್ಯಾಡ. ತೊಳ್ಯಾಕ ಬಿಸಿನೀರೂ ಬ್ಯಾಡ, ಉಗುರು ಬೆಚ್ಚಗಿದ್ರ ಸಾಕು. ಒಳಗ ತೊಳೀದ ಮಾತ್ರ ಊದಬ್ಯಾಡ. ಎಷ್ಟು ವರ್ಷದ ಹೊಲಸು ಕುಂತಿರತೈತೋ, ಅದೆಲ್ಲಾ ಎದಿಗೆ ಹೋಗೂದು.

ನೆಗ್ಗಿದ್ದನ್ನ ತಗಸಾಕ ವೆಲ್ಡಿಂಗ್ ಅಂಗಡಿಗೆ ಒಯ್ಯಬ್ಯಾಡ. ಅದರ ಬಾಳಷ್ಟು ಜೋಡಣಿ ತವರ-ಸೀಸದ ಬೆಸಿಗಿ, 180-190 ಡಿಗ್ರಿಗೇ ಕರಗತೈತಿ. ಗ್ಯಾಸ್ ಬೆಂಕಿ ತಾಕಿತಂದ್ರ ಒಂದ ಕಡೆ ಹಚ್ಚಾಕ ಹೋಗಿ ನಾಕ ಕಡೆ ಬಿಚ್ಚತೈತಿ. ಮಿರಜ್ ಹತ್ರ ಐತಲ್ಲಾ ಅಂತೀದಿ. ಅಲ್ಲಿ ವಾದ್ಯ ಮಾಡೋರದು ಸಿತಾರ, ತಂಬೂರಿ ಕೈ. ಈ ಕೆಲಸಕ್ಕ ಹಿತ್ತಾಳಿ ವಾದ್ಯ ರಿಪೇರಿ ಬಲ್ಲವರ ಬೇಕು. ಎಲ್ಲೆರ ಕೆಂಪು ಚುಕ್ಕಿ ಬಿದ್ದಿದ್ರ ಅಲ್ಲಿ ಒತ್ತಬ್ಯಾಡ. ಸತುವು ಹೋಗಿ ಬರೇ ತಾಂಬ್ರ ಉಳದಿರತೈತಿ, ಹಪ್ಪಳಾದಂಗ ಒಡೀತು.

ಇನ್ನ ಮುಖ್ಯ ಮಾತು. ಊದಿ ನೋಡಿದಾಗ ಕ್ಯಾಸಿಯೋ ಕೀಬೋರ್ಡ್ ಕೂಡ ಶ್ರುತಿ ಕೂಡಲಿಲ್ಲಂದ್ರ 'ಕೆಟ್ಟೈತಿ' ಅಂತ ಒಗದೀಯಾ! ಈಗ ಎಲ್ಲಾರೂ ಸೆಕೆಂಡಿಗೆ 440 ಕಂಪನದ 'ಎ' ಸ್ವರಕ್ಕ ಕೂಡಸತಾರ. ಹಳೇ ಇಂಗ್ಲಿಷ್ ಬ್ಯಾಂಡಿಂದು 452ರ ಆಸುಪಾಸು. ಅಲ್ಲಿ 1960ರ ದಶಕದ ತನಕ ಅದ ನಡದಿತ್ತು. ವ್ಯತ್ಯಾಸ ಅರ್ಧ ಸ್ವರದಾಗ ಅರ್ಧದಷ್ಟು. ಶ್ರುತಿ ಕೊಳವಿ ಹೊರಗ ಎಳದ್ರ ಸ್ವಲ್ಪ ಇಳೀತು, ಪೂರಾ ಇಳೀದಿದ್ರೂ ಇರಬಹುದು. ಉದ್ದ ಮಾಡಾಕ ಕೊಳವಿ ಕೊಯ್ಸೂ ವಿಚಾರ ತಲ್ಯಾಗ ತರಬ್ಯಾಡ.

ಕ್ಯಾಸಿಯೋದವನ್ನ ದೂರ ಕುಂದರಸು. ಗುಡ್ಡಾಪುರ ದಾನಮ್ಮನ ಜಾತ್ರಿಗೆ ನಿಮ್ಮ ಪಾರ್ಟಿ ಹೋದ್ರ, ಇದರ ಕೂಡ ಹಲಗಿ ಅಷ್ಟ ಬಾರಸ್ರಿ. ಹಲಗೀದು 440ರ ಕೂಡ ಜಗಳಿಲ್ಲ, 452ರ ಕೂಡನೂ ಇಲ್ಲ.