ಮಿದುಳಿನ ರಕ್ತನಾಳದ ಉಬ್ಬು: ದಾರಿ ಅಂಕುಡೊಂಕಾಗಿದ್ದರೆ ಚಿಕಿತ್ಸೆ ಹೇಗೆ?

ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟು ಮಾತ್ರ. ಆದರೆ ಹೃದಯವು ಹೊರಹಾಕುವ ರಕ್ತದಲ್ಲಿ ಸುಮಾರು ನೂರಕ್ಕೆ 15ರಷ್ಟು ಭಾಗ ಅದಕ್ಕೇ ಸಲ್ಲುತ್ತದೆ. ಕೊರಳಿನ ಎರಡು ಬದಿಗಳಲ್ಲಿ ಏರುವ ಕೆರೋಟಿಡ್ ಅಪಧಮನಿಗಳೂ ಕತ್ತಿನ ಮೂಳೆಗಳ ನಡುವೆ ಏರುವ ವರ್ಟಿಬ್ರಲ್ ಅಪಧಮನಿಗಳೂ ಈ ರಕ್ತವನ್ನು ತಲೆಗೆ ಒಯ್ಯುತ್ತವೆ. ಮಿದುಳಿನ ತಳಭಾಗದಲ್ಲಿ ಇವು ಒಂದನ್ನೊಂದು ಕೂಡಿ ಬಳೆಯಾಕಾರದ ಜಾಲವಾಗುತ್ತವೆ. ಈ ಜಾಲದಲ್ಲಿ ನಾಳಗಳು ಕವಲೊಡೆಯುವ ಸ್ಥಳಗಳಲ್ಲಿ ಗೋಡೆಯು ದುರ್ಬಲವಾಗಿದ್ದರೆ, ರಕ್ತದ ಒತ್ತಡಕ್ಕೆ ಅದು ನಿಧಾನವಾಗಿ ಉಬ್ಬಿ ಸಣ್ಣ ಚೀಲದಂತಾಗುತ್ತದೆ. ಇದನ್ನೇ ವೈದ್ಯರು ಅನ್ಯೂರಿಸಮ್ ಎನ್ನುತ್ತಾರೆ.

ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಇಂತಹ ಉಬ್ಬು ಇರುತ್ತದೆ. ಬಹುಪಾಲು ಉಬ್ಬುಗಳು ಕೆಲವೇ ಮಿಲಿಮೀಟರ್ ಗಾತ್ರದವು. ಜೀವನಪರ್ಯಂತ ಒಡೆಯದೆಯೇ ಉಳಿಯುವಂತಹವು. ಆದರೆ ಒಡೆದರೆ ಮಿದುಳಿನ ಸುತ್ತಲೂ ರಕ್ತ ಹರಡಿ ಪ್ರಾಣಾಪಾಯ ಉಂಟಾಗುತ್ತದೆ. ಹೀಗೆ ರಕ್ತಸ್ರಾವವಾದವರಲ್ಲಿ ಸುಮಾರು ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಮಂದಿ ಬದುಕುಳಿಯುವುದಿಲ್ಲ. ಒಮ್ಮೆ ಒಡೆದ ಉಬ್ಬು ಮತ್ತೆ ಒಡೆಯುವ ಭಯ ಮೊದಲ 24 ಗಂಟೆಗಳಲ್ಲಿಯೇ ಅತ್ಯಧಿಕ.

ತಲೆ ತೆರೆಯದೆ ಚಿಕಿತ್ಸೆ

1937ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಅವರು ತಲೆಬುರುಡೆಯನ್ನು ತೆರೆದು, ಉಬ್ಬಿನ ಕತ್ತಿಗೆ ಲೋಹದ ಕ್ಲಿಪ್ ಹಾಕಿ ಮುಚ್ಚಿದರು. ದೀರ್ಘಕಾಲ ಇದೇ ಮುಖ್ಯ ಮಾರ್ಗವಾಗಿತ್ತು. 1990ರಲ್ಲಿ ಇಟಲಿಯ ಗ್ವಿಡೊ ಗುಗ್ಲಿಯೆಲ್ಮಿ ಅವರು ಲಾಸ್ ಏಂಜಲೀಸ್‌ನಲ್ಲಿ ಬೇರೊಂದು ವಿಧಾನವನ್ನು ಬಳಕೆಗೆ ತಂದರು. ತೊಡೆಸಂದಿಯ ಅಪಧಮನಿಯ ಮೂಲಕ ತೆಳುವಾದ ಕೊಳವೆಯನ್ನು, ಅಂದರೆ ಕ್ಯಾಥೆಟರನ್ನು, ಮಿದುಳಿನವರೆಗೆ ಸಾಗಿಸಿ, ಕೂದಲೆಳೆಯಷ್ಟು ಸಣ್ಣ ಪ್ಲಾಟಿನಂ ಸುರುಳಿಗಳನ್ನು ಉಬ್ಬಿನೊಳಗೆ ತುಂಬುವುದೇ ಆ ವಿಧಾನ. ಸುರುಳಿಗಳ ನಡುವೆ ರಕ್ತ ಹೆಪ್ಪುಗಟ್ಟುತ್ತದೆ. ಉಬ್ಬಿನೊಳಗಿನ ಹರಿವು ನಿಲ್ಲುತ್ತದೆ. ಇದಕ್ಕೆ ಕಾಯಿಲಿಂಗ್ ಎಂದು ಹೆಸರು.

2002ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನವು ಉಬ್ಬು ಒಡೆದಿದ್ದ 2143 ರೋಗಿಗಳಲ್ಲಿ ಈ ಎರಡು ವಿಧಾನಗಳನ್ನು ಹೋಲಿಸಿತು. ಒಂದು ವರ್ಷದ ಬಳಿಕ ಮರಣ ಹೊಂದಿದವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 31. ಕಾಯಿಲಿಂಗ್ ಪಡೆದವರಲ್ಲಿ ಸುಮಾರು 24. ಆದರೆ ಎರಡು ವಿಧಾನಗಳಿಗೂ ಯೋಗ್ಯರೆಂದು ವೈದ್ಯರು ಭಾವಿಸಿದ ರೋಗಿಗಳನ್ನಷ್ಟೇ ಆ ಅಧ್ಯಯನಕ್ಕೆ ಸೇರಿಸಲಾಗಿತ್ತು. ಆದುದರಿಂದ ಕ್ಯಾಥೆಟರ್ ಸಾಗುವ ದಾರಿಯೇ ದುರ್ಗಮವಾಗಿರುವವರಿಗೆ ಈ ಲೆಕ್ಕವನ್ನು ನೇರವಾಗಿ ಅನ್ವಯಿಸಲಾಗದು. ಅಂತಹವರ ವಿಷಯವನ್ನು ಬೇರೆಯಾಗಿಯೇ ವಿವೇಚಿಸಬೇಕಾಗುತ್ತದೆ.

ದಾರಿ ದುರ್ಗಮವಾಗುವುದೇಕೆ?

ತೊಡೆಸಂದಿಯಿಂದ ಹೊರಟ ಕ್ಯಾಥೆಟರ್ ಹೊಟ್ಟೆ ಮತ್ತು ಎದೆಯ ಮಹಾಪಧಮನಿಯಲ್ಲಿ ಮೇಲೇರಿ, ಹೃದಯದ ಮೇಲಿರುವ ಕಮಾನನ್ನು ತಲುಪಿ, ಅಲ್ಲಿಂದ ಕೊರಳಿನ ನಾಳಕ್ಕೆ ತಿರುಗಬೇಕು. ಯೌವನದಲ್ಲಿ ಈ ಕಮಾನು ಅಗಲವಾಗಿ, ಸೌಮ್ಯವಾಗಿ ಬಾಗಿರುತ್ತದೆ. ಕೊರಳಿನ ನಾಳಗಳು ಅದರ ನೆತ್ತಿಯಿಂದಲೇ ಹೊರಡುತ್ತವೆ. ವಯಸ್ಸಾದಂತೆ, ವಿಶೇಷವಾಗಿ ಬಹುಕಾಲ ಅಧಿಕ ರಕ್ತದೊತ್ತಡವಿದ್ದವರಲ್ಲಿ, ಮಹಾಪಧಮನಿ ಉದ್ದವಾಗಿ ಕಮಾನು ಕಡಿದಾಗುತ್ತದೆ. ಆಗ ಕೊರಳಿನ ನಾಳಗಳು ಹೊರಡುವ ಜಾಗ ಕಮಾನಿನ ನೆತ್ತಿಗಿಂತ ಬಹಳ ಕೆಳಗೆ ಸರಿಯುತ್ತದೆ. ಮೇಲೇರಿದ ಕೊಳವೆಯು ಒಮ್ಮೆ ಇಳಿದು, ಮತ್ತೆ ಹಿಂದಿರುಗಿ ಏರಬೇಕಾಗುತ್ತದೆ. ಕೆಲವರಲ್ಲಿ ಎಡ ಕೆರೋಟಿಡ್ ನಾಳವು ಹುಟ್ಟಿನಿಂದಲೇ ಬಲಬದಿಯ ಮಹಾನಾಳದೊಡನೆ ಸೇರಿ ಹೊರಡುತ್ತದೆ. ಅಲ್ಲಿಯೂ ತಿರುವು ಕಡಿದು. ಇನ್ನು ಕೆಲವರಲ್ಲಿ ಕೊರಳಿನ ನಾಳವೇ ಉಂಗುರದಂತೆ ಸುತ್ತಿಕೊಂಡಿರುತ್ತದೆ.

ಮನೆ ಕಟ್ಟುವಾಗ ಗೋಡೆಯ ಪೈಪಿನೊಳಗೆ ವಿದ್ಯುತ್ ತಂತಿ ತೂರಿಸುವುದನ್ನು ನೋಡಿದವರಿಗೆ ಇದರ ಕಷ್ಟ ತಿಳಿದೀತು. ನೇರ ಪೈಪಿನಲ್ಲಿ ತಳ್ಳಿದಷ್ಟೂ ತಂತಿ ಮುಂದೆ ಸಾಗುತ್ತದೆ. ನಾಲ್ಕು ಬಾಗುಗಳಿದ್ದರೆ ತಳ್ಳಿದ ಬಲವೆಲ್ಲ ಬಾಗುಗಳಲ್ಲಿಯೇ ಉಳಿದು, ತುದಿ ಕದಲುವುದಿಲ್ಲ. ರಕ್ತನಾಳದಲ್ಲಿಯೂ ಹಾಗೆಯೇ. ಅಲ್ಲಿ ಇನ್ನೊಂದು ಅಪಾಯವೂ ಇದೆ. ಬಾಗುಗಳಲ್ಲಿ ಸಂಗ್ರಹವಾದ ಬಲವು ಒಮ್ಮೆಲೇ ಬಿಡುಗಡೆಯಾದರೆ ತುದಿಯು ಮುಂದಕ್ಕೆ ಚಿಮ್ಮಿ ಉಬ್ಬಿನ ತೆಳುಗೋಡೆಯನ್ನು ಚುಚ್ಚಬಹುದು. ನಾಳದ ಗೋಡೆಗೆ ಕೊಬ್ಬು, ಸುಣ್ಣ ಅಂಟಿಕೊಂಡಿದ್ದರೆ ಅದರ ಚೂರು ಕಳಚಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಉಂಟಾಗಬಹುದು.

ವೈದ್ಯರು ಕಂಡುಕೊಂಡ ಮಾರ್ಗಗಳು

ಮೊದಲನೆಯದು ದಾರಿಯನ್ನು ಮುಂಚಿತವಾಗಿ ಅರಿಯುವುದು. ತಲೆಯ ಚಿತ್ರವೊಂದೇ ಸಾಲದು. ಎದೆಯ ಕಮಾನಿನಿಂದ ತಲೆಯವರೆಗೆ ಸಿ.ಟಿ. ಆಂಜಿಯೋಗ್ರಾಂ ತೆಗೆದರೆ ತಿರುವುಗಳೆಲ್ಲ ಮೊದಲೇ ಕಾಣುತ್ತವೆ.

ಎರಡನೆಯದು ಪ್ರವೇಶದ ಬಾಗಿಲನ್ನು ಬದಲಿಸುವುದು. ತೊಡೆಸಂದಿಗೆ ಬದಲಾಗಿ ಬಲಗೈಯ ಮಣಿಕಟ್ಟಿನಿಂದ ಹೊರಟರೆ ಕೆಲವು ಕಡಿದಾದ ತಿರುವುಗಳು ತಪ್ಪುತ್ತವೆ. ಚುಚ್ಚಿದ ಜಾಗದಲ್ಲಿ ರಕ್ತಸ್ರಾವದ ಭಯವೂ ಕಡಿಮೆ. ಆದರೆ ಮಣಿಕಟ್ಟಿನ ನಾಳ ಸಣ್ಣದಾದುದರಿಂದ ದಪ್ಪ ಕೊಳವೆಗಳು ಹಿಡಿಸುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ಅಪರೂಪವಾಗಿ ಕೊರಳಿನ ನಾಳವನ್ನೇ ನೇರವಾಗಿ ಚುಚ್ಚುವುದುಂಟು. ಅಲ್ಲಿ ರಕ್ತ ಸುರಿದು ಊತ ಬಂದರೆ ಉಸಿರಾಟಕ್ಕೆ ಅಡ್ಡಿಯಾಗುವುದರಿಂದ ಎಚ್ಚರ ಅಧಿಕವಾಗಿರಬೇಕು.

ಮೂರನೆಯದು ಕೊಳವೆಯೊಳಗೆ ಕೊಳವೆ. ಕಮಾನಿನಲ್ಲಿ ಗಟ್ಟಿಯಾದ ಉದ್ದ ಕೊಳವೆ, ಅದರೊಳಗೆ ಮೃದುವಾದ ಮಧ್ಯದ ಕೊಳವೆ, ಅದರೊಳಗೆ ಅತಿ ಸೂಕ್ಷ್ಮ ಕೊಳವೆ, ಹೀಗೆ ಮೂರು ಪದರಗಳನ್ನು ಬಳಸುತ್ತಾರೆ. ಹೊರಗಿನದು ಆಧಾರ ನೀಡುತ್ತದೆ. ಮಧ್ಯದ್ದು ತಿರುವುಗಳನ್ನು ದಾಟಿ ಉಬ್ಬಿನ ಸಮೀಪ ನಿಲ್ಲುತ್ತದೆ. ಒಳಗಿನದು ಮಾತ್ರ ಉಬ್ಬನ್ನು ಸೇರುತ್ತದೆ. ತಳ್ಳುವ ಬಲ ಬಾಗುಗಳಲ್ಲಿ ವ್ಯರ್ಥವಾಗದೆ ತುದಿಗೆ ತಲುಪುವುದು ಇದರಿಂದಲೇ.

ನಾಲ್ಕನೆಯದು ಉಬ್ಬಿನ ಆಕಾರಕ್ಕೆ ತಕ್ಕ ಸಾಧನ. ಉಬ್ಬಿನ ಬಾಯಿ 4 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಸುರುಳಿಗಳು ಜಾರಿ ಮುಖ್ಯ ನಾಳಕ್ಕೆ ಬೀಳಬಹುದು. ಅದನ್ನು ತಡೆಯಲು ಬಾಯಿಯ ಬಳಿ ಸಣ್ಣ ಬಲೂನನ್ನು ತಾತ್ಕಾಲಿಕವಾಗಿ ಉಬ್ಬಿಸುತ್ತಾರೆ, ಅಥವಾ ಜಾಲರಿಯಂತಹ ಸ್ಟೆಂಟನ್ನು ಶಾಶ್ವತವಾಗಿ ಇಡುತ್ತಾರೆ. ಒತ್ತಾದ ಹೆಣಿಗೆಯ ಇನ್ನೊಂದು ಬಗೆಯ ಜಾಲರಿಯು ರಕ್ತದ ಹರಿವನ್ನೇ ಉಬ್ಬಿನಿಂದ ಬೇರೆಡೆಗೆ ತಿರುಗಿಸುತ್ತದೆ. ತಿಂಗಳುಗಳ ಅವಧಿಯಲ್ಲಿ ಉಬ್ಬು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಮೆರಿಕದಲ್ಲಿ ಇದಕ್ಕೆ 2011ರಲ್ಲಿ ಅನುಮತಿ ದೊರೆಯಿತು. ಆದರೆ ನಾಳದೊಳಗೆ ಜಾಲರಿ ಇಟ್ಟ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂತಹ ಎರಡು ಔಷಧಗಳು ಬೇಕು. ಉಬ್ಬು ಆಗಲೇ ಒಡೆದಿದ್ದರೆ ಈ ಔಷಧಗಳೇ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಅಂತಹ ಸಂದರ್ಭದಲ್ಲಿ ಸಾಧ್ಯವಾದಷ್ಟು ಜಾಲರಿಯಿಲ್ಲದ ಮಾರ್ಗವನ್ನೇ ಆರಿಸುತ್ತಾರೆ.

ನಿಲ್ಲಿಸುವುದೂ ಚಿಕಿತ್ಸೆಯ ಭಾಗ

"ದಾರಿ ಕಷ್ಟವಿದೆ" ಎಂದು ವೈದ್ಯರು ಹೇಳಿದೊಡನೆ ಚಿಕಿತ್ಸೆಯೇ ಇಲ್ಲವೆಂದು ಕುಟುಂಬದವರು ಎದೆಗುಂದಬಾರದು. ಹೇಗಾದರೂ ಮಾಡಿ ಮುಗಿಸಿರೆಂದು ಒತ್ತಾಯಿಸಲೂ ಬಾರದು. ಇಲ್ಲಿ ತೂಗಿ ನೋಡಬೇಕಾದುದು ಎರಡು: ಉಬ್ಬನ್ನು ಹಾಗೆಯೇ ಬಿಟ್ಟರೆ ಇರುವ ಅಪಾಯ, ಮತ್ತು ಈ ರೋಗಿಯ ನಾಳಗಳಲ್ಲಿ ಚಿಕಿತ್ಸೆಯಿಂದಲೇ ಬರಬಹುದಾದ ಅಪಾಯ. ಒಡೆದ ಉಬ್ಬನ್ನು ಬೇಗನೆ ಮುಚ್ಚಲೇಬೇಕು. ಒಂದು ಮಾರ್ಗ ಸಾಗದಿದ್ದರೆ ಇನ್ನೊಂದು ಬಾಗಿಲು, ಅದೂ ಆಗದಿದ್ದರೆ ಕ್ಲಿಪ್ ಶಸ್ತ್ರಚಿಕಿತ್ಸೆ. ಬೇರಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ವೃದ್ಧರಲ್ಲಿ ಕಂಡುಬಂದ ಒಡೆಯದ ಸಣ್ಣ ಉಬ್ಬಿನ ವಿಷಯ ಹಾಗಲ್ಲ. ದಾರಿ ಕಡಿದಾಗಿದ್ದರೆ ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು, ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸುತ್ತಾ ಕಾಯುವುದೇ ವಿವೇಕವಾಗಬಹುದು.

ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗಳನ್ನು ಕೇಳಬಹುದು:

1. ಉಬ್ಬಿನ ಗಾತ್ರವೆಷ್ಟು, ಅದು ಯಾವ ಜಾಗದಲ್ಲಿದೆ, ಬಾಯಿ ಎಷ್ಟು ಅಗಲವಿದೆ?
2. ಎದೆಯ ಕಮಾನು ಮತ್ತು ಕೊರಳಿನ ನಾಳಗಳ ಚಿತ್ರವನ್ನು ನೋಡಲಾಗಿದೆಯೇ? ತೊಡೆಯಿಂದಲೋ, ಮಣಿಕಟ್ಟಿನಿಂದಲೋ?
3. ಮೊದಲ ಮಾರ್ಗ ಸಾಗದಿದ್ದರೆ ಮುಂದೇನು? ಕ್ಲಿಪ್ ಹಾಕುವ ಶಸ್ತ್ರವೈದ್ಯರ ಅಭಿಪ್ರಾಯವನ್ನೂ ಪಡೆಯಲಾಗಿದೆಯೇ?
4. ಸ್ಟೆಂಟ್ ಇಡುವುದಾದರೆ ಔಷಧಗಳನ್ನು ಎಷ್ಟು ಕಾಲ ಸೇವಿಸಬೇಕು?
5. ಒಟ್ಟು ವೆಚ್ಚವೆಷ್ಟು? ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಎಷ್ಟು ಭಾಗ ದೊರೆಯುತ್ತದೆ?

ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಔಷಧದ ಅಲರ್ಜಿ ಇದ್ದರೆ ತಪ್ಪದೆ ತಿಳಿಸಬೇಕು. ಚಿತ್ರ ತೆಗೆಯಲು ಬಳಸುವ ಬಣ್ಣದ ದ್ರಾವಣವು ಮೂತ್ರಪಿಂಡಕ್ಕೆ ಭಾರವಾಗಬಹುದು.

ಮನೆಯವರು ನೆನಪಿಡಬೇಕಾದುದು

ಕ್ಷಣಮಾತ್ರದಲ್ಲಿ ಸಿಡಿಲೆರಗಿದಂತೆ ಬಂದ, ಜೀವನದಲ್ಲಿ ಎಂದೂ ಅನುಭವಿಸದಂತಹ ತಲೆನೋವು. ಜೊತೆಗೆ ವಾಂತಿ, ಕತ್ತು ಬಿಗಿತ, ಪ್ರಜ್ಞೆ ತಪ್ಪುವುದು. ಒಂದು ಕಣ್ಣಿನ ರೆಪ್ಪೆ ಹಠಾತ್ತನೆ ಜೋತುಬೀಳುವುದು. ಇವುಗಳಲ್ಲಿ ಯಾವುದು ಕಂಡರೂ ಪಿತ್ತವೆಂದೋ, ಬಿಸಿಲಿನ ತಾಪವೆಂದೋ ಭಾವಿಸಿ ಮಲಗಿಸಬಾರದು. ಆಸ್ಪಿರಿನ್ ಮಾತ್ರೆ ಕೊಡಬಾರದು. 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ನೋವು ತಾನಾಗಿ ಇಳಿದರೂ ತಪಾಸಣೆ ತಪ್ಪಿಸಬಾರದು. ದೊಡ್ಡ ಸ್ರಾವಕ್ಕೆ ಮುನ್ನ ಸಣ್ಣ ಸೋರಿಕೆಯಾಗುವುದುಂಟು.

ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಔಷಧಗಳನ್ನು ಒಂದು ದಿನವೂ ಬಿಡಬಾರದು. ಉಪವಾಸದ ದಿನವೆಂದಾಗಲಿ, ಹಲ್ಲು ಕೀಳಿಸಬೇಕೆಂದಾಗಲಿ ಸ್ವಂತ ನಿರ್ಧಾರದಿಂದ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಸುರುಳಿಗಳು ಕಾಲಕ್ರಮೇಣ ಅದುಮಿಕೊಂಡು ಉಬ್ಬು ಮತ್ತೆ ತೆರೆದುಕೊಳ್ಳುವ ಸಂಭವವಿರುವುದರಿಂದ, ಹೇಳಿದ ಸಮಯಕ್ಕೆ ಮರುಪರೀಕ್ಷೆಯೂ ಆಗಲೇಬೇಕು.

ಬೀಡಿ, ಸಿಗರೇಟು ಮತ್ತು ಹತೋಟಿ ತಪ್ಪಿದ ರಕ್ತದೊತ್ತಡ, ಇವೆರಡೂ ಉಬ್ಬು ಬೆಳೆಯಲು ಹಾಗೂ ಒಡೆಯಲು ಕಾರಣವಾಗುತ್ತವೆ. ಅದೇ ರಕ್ತದೊತ್ತಡವು ಮಹಾಪಧಮನಿಯನ್ನು ಬಾಗಿಸಿ, ಮುಂದೊಮ್ಮೆ ಚಿಕಿತ್ಸೆಯ ದಾರಿಯನ್ನೂ ದುರ್ಗಮಗೊಳಿಸುತ್ತದೆ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರಿಗೆ ಈ ಕಾಯಿಲೆ ಬಂದಿದ್ದರೆ ಉಳಿದವರು ತಪಾಸಣೆಯ ಬಗ್ಗೆ ವೈದ್ಯರ ಸಲಹೆ ಕೇಳುವುದು ಒಳಿತು. ನಲವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡು, ಅಧಿಕವಿದ್ದರೆ ನಿಯಮದಿಂದ ಔಷಧ ಸೇವಿಸುವುದು ಅತ್ಯಗತ್ಯ.